ಇಳಿಯುವ ಸಾಮು

ಐವತ್ತರ ಹೊಸ್ತಿಲಲ್ಲಿ ಪಾರ್ಕೂರ್, ಅಂದರೆ ಅಡ್ಡ ಬಂದದ್ದನ್ನು ಓಡಿ, ಹಾರಿ, ಹತ್ತಿ ದಾಟುವ ಕಸರತ್ತು, ಹಿಡಿಯುವವರು ಮೊದಲು ಇಳಿಯುವುದನ್ನು ಕಲಿಯಬೇಕು. ಜಿಗಿತ ಆಮೇಲಿನ ಮಾತು. ನಮ್ಮೂರು ಶಿರವಾಳದ ಹೊಲದ ಒಡ್ಡಿನ ಮೇಲೆ ಬೆಳಗಿನ ತಂಪಿನಲ್ಲಿ ನಾನು ಮಾಡುವುದು ಬಹುಪಾಲು ಇದನ್ನೇ. ಮೊಣಕಾಲೆತ್ತರದಿಂದ ಕೆಳಗೆ ಹಾರಿದಾಗ ಮುಂಗಾಲು ಮೊದಲು ನೆಲ ಮುಟ್ಟಬೇಕು, ಮೊಣಕಾಲು, ಸೊಂಟ ಮಡಿಚಿ ಭಾರ ನುಂಗಬೇಕು, ಸಪ್ಪಳ ಆಗಬಾರದು. ಸಪ್ಪಳವಾಯಿತೆಂದರೆ ಕೀಲು ಪೆಟ್ಟು ತಿಂದಿತು. ಮಾಂಸಖಂಡ ಕೆಲವೇ ವಾರಗಳಲ್ಲಿ ಬಲಿಯುತ್ತದೆ. ಅದನ್ನು ಎಲುಬಿಗೆ ಬಿಗಿದಿಟ್ಟ ಸ್ನಾಯುರಜ್ಜುಗಳಿಗೆ ತಿಂಗಳುಗಟ್ಟಲೆ ಬೇಕು. ಹುಮ್ಮಸ್ಸಿಗೆ ಮೂಗುದಾರ ಬೀಳಬೇಕಾದದ್ದು ಅಲ್ಲಿಯೇ.

ಊರಿನ ಹಳೆಯ ಗುಡಿಗಳ ಕಟ್ಟೆ, ಜಗಲಿಗಳು ಈ ಕಸರತ್ತಿಗೆ ಹೇಳಿ ಮಾಡಿಸಿದಂತಿವೆ. ಆದರೆ ಅವುಗಳ ಮೇಲೆ ನಾನು ಹಾರುವುದಿಲ್ಲ, ಹುಡುಗರಿಗೂ ಬಿಡುವುದಿಲ್ಲ. ನೂರಾರು ವರ್ಷ ಬಿಸಿಲು ಮಳೆಗೆ ಮೈಯೊಡ್ಡಿದ ಕಲ್ಲಿನ ಅಂಚು ಒಮ್ಮೆ ಮುರಿದರೆ ಮುರಿದೇ ಹೋಯಿತು.

ಪಾರ್ಕೂರ್‌ಗೆ ರೂಪ ಕೊಟ್ಟವನು ಫ್ರಾನ್ಸಿನ ಡೇವಿಡ್ ಬೆಲ್. ಅವನಿಗೆ ದಾರಿ ತೋರಿದವನು ಪ್ಯಾರಿಸ್ಸಿನ ಅಗ್ನಿಶಾಮಕ ದಳದಲ್ಲಿದ್ದ ತಂದೆ ರೇಮಂಡ್ ಬೆಲ್. ಇನ್ನೂ ಹಿಂದಕ್ಕೆ ಹೋದರೆ ನೌಕಾಧಿಕಾರಿ ಜಾರ್ಜ್ ಎಬೇರ್ (1875–1957) ಸಿಗುತ್ತಾನೆ. ನಡಿಗೆ, ಓಟ, ಜಿಗಿತ, ನಾಲ್ಕು ಕಾಲಿನ ನಡಿಗೆ, ಹತ್ತುವುದು, ಸಮತೋಲ, ಎಸೆತ, ಭಾರ ಎತ್ತುವುದು, ಆತ್ಮರಕ್ಷಣೆ, ಈಜು – ಈ ಹತ್ತನ್ನು ಅವನು ಒಂದು ಪದ್ಧತಿಯಾಗಿ ಕಟ್ಟಿದ. ಹಡಗಿನಲ್ಲಿ ಅಲೆದಾಗ ಆಫ್ರಿಕಾದ ಜನರ ಮೈಕಟ್ಟು, ಚುರುಕು ಅವನ ಮನಸ್ಸಿಗೆ ನಾಟಿತ್ತು. ಅವರಿಗೆ ವ್ಯಾಯಾಮದ ಮೇಷ್ಟ್ರು ಇರಲಿಲ್ಲ, ದಿನದ ದುಡಿಮೆ ಇತ್ತು.

ಈ ಮಾತು ನಮ್ಮ ಕಡೆಗೂ ಸಲ್ಲುತ್ತದೆ. ಮರಕೋತಿ ಆಡಿದವರು, ಏಣಿ ಹತ್ತಿ ಮಾಳಿಗೆಗೆ ಹೋದವರು, ಜಾತ್ರೆಯಲ್ಲಿ ಗುಂಡು ಎತ್ತಿದವರು ನಾವು. ಕುರ್ಚಿ, ಬೈಕು ಬಂದ ಮೇಲೆ ಮೈ ಇದನ್ನೆಲ್ಲ ಮರೆಯಿತು. ಚಿತ್ರದುರ್ಗದ ಕೋಟೆಗೋಡೆಯನ್ನು ಹಗ್ಗವಿಲ್ಲದೆ ಏರುವ ಜ್ಯೋತಿರಾಜ್ ಅವರನ್ನು ನೋಡಿದರೆ ಮೈ ಜುಂ ಎನ್ನುತ್ತದೆ. ಆದರೂ ನನ್ನ ವಯಸ್ಸಿನವರಿಗೆ ಗುರುಗಳೆಂದರೆ ಕುಕ್ಕರುಗಾಲಲ್ಲಿ ಕೂತು ಸಾಲಿನುದ್ದಕ್ಕೂ ಕಳೆ ತೆಗೆಯುವ ಮುದುಕಿಯರು. ಅವರು ನೆಲಕ್ಕೆ ಕೈಯೂರದೆ ಏಳುತ್ತಾರೆ. ಬ್ರೆಜಿಲ್‌ನ ವೈದ್ಯ ಕ್ಲಾಡಿಯೋ ಜಿಲ್ ಅರೌಜೋ ಅಳೆದದ್ದು ಇದನ್ನೇ. 51ರಿಂದ 80 ವಯಸ್ಸಿನ ಎರಡು ಸಾವಿರ ಜನರನ್ನು ನೆಲದಲ್ಲಿ ಕೂರಿಸಿ ಎಬ್ಬಿಸಿ ಹತ್ತಕ್ಕೆ ಅಂಕ ಕೊಟ್ಟರು. ಊರಿದ ಪ್ರತಿ ಕೈಗೆ, ಮೊಣಕಾಲಿಗೆ ಒಂದಂಕ ಕಡಿತ. ಕಡಿಮೆ ಅಂಕದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವು ಹೆಚ್ಚು ಎಂದು 2012ರಲ್ಲಿ ಪ್ರಕಟಿಸಿದರು.

ಹಾಗಾಗಿ ಊಟಕ್ಕೆ ಮತ್ತೆ ನೆಲಕ್ಕೆ ಬಂದಿದ್ದೇನೆ. ನಾಲ್ಕು ಕಾಲಿನ ನಡಿಗೆಗೆ ಮಣಿಕಟ್ಟು ಈಗೀಗ ಒಗ್ಗುತ್ತಿದೆ. ಜೋಳದ ಚೀಲ ಹೆಗಲಿಗೇರಿಸುವುದು ಸುಗ್ಗಿಯ ಹೊತ್ತಿಗೆ ಆಗಬೇಕು. ಸದ್ಯಕ್ಕೆ ಅರ್ಧ ಚೀಲ.