'ಷಲ್' ಮತ್ತು 'ವಿಲ್'

ಆಂಗ್ಲಭಾಷೆಯಲ್ಲಿ ಭವಿಷ್ಯವನ್ನು ಸೂಚಿಸುವ 'ಷಲ್', 'ವಿಲ್' ಎಂಬೆರಡು ಸಹಾಯಕ ಕ್ರಿಯಾಪದಗಳು ಮೇಲ್ನೋಟಕ್ಕೆ ಅವಳಿಗಳಂತೆ ಕಾಣುವುವು. ಆದರೆ ಅವುಗಳ ಕುಲವೇ ಬೇರೆ. ಮೊದಲನೆಯದರ ಮೂಲಾರ್ಥ ಋಣ, ಎರಡನೆಯದರದು ಇಚ್ಛೆ. ಸಂಸ್ಕೃತವನ್ನು ಬಲ್ಲವರು ಒಂದರಲ್ಲಿ 'ತವ್ಯ' ಪ್ರತ್ಯಯದ ಛಾಯೆಯನ್ನೂ, ಇನ್ನೊಂದರಲ್ಲಿ ಸನ್ನಂತದ ಛಾಯೆಯನ್ನೂ ಕಾಣಬಹುದು.

1653ರಲ್ಲಿ ಜಾನ್ ವಾಲಿಸನು ತನ್ನ ವ್ಯಾಕರಣದಲ್ಲಿ ಇವುಗಳಿಗೆ ಎಲ್ಲೆ ಕಟ್ಟಿದನು. ಉತ್ತಮಪುರುಷದಲ್ಲಿ 'ಷಲ್' ಎಂದರೆ ಬರಿಯ ಭವಿಷ್ಯ, 'ವಿಲ್' ಎಂದರೆ ವಾಗ್ದಾನ ಇಲ್ಲವೆ ಬೆದರಿಕೆ; ಉಳಿದೆರಡು ಪುರುಷಗಳಲ್ಲಿ ಇದಕ್ಕೆ ವಿಪರೀತ. ಇದನ್ನರಿಯದ ಪರದೇಶಿಯೊಬ್ಬನು ನೀರಿಗೆ ಬಿದ್ದು, ಪದಗಳನ್ನು ಅದಲುಬದಲು ಮಾಡಿ ಕೂಗಲು, 'ಮುಳುಗಿಯೇ ತೀರುವೆನು. ಯಾರೂ ನನ್ನನ್ನು ಎತ್ತಕೂಡದು' ಎಂದು ಅರ್ಥವಾಗಿ, ದಡದವರು ಸುಮ್ಮನೆ ನಿಂತರೆಂಬ ಹಳೆಯ ಹಾಸ್ಯಕಥೆಯೊಂದುಂಟು.

ಈಗ ಆಡುಮಾತಿನಲ್ಲಿ 'ಷಲ್' ವಿರಳವಾಗಿದೆ. ಶಾಸನಗಳಲ್ಲಿ ಮಾತ್ರ ಬಲವಾಗಿ ನಿಂತಿದೆ. 1950ರಲ್ಲಿ ಜಾರಿಗೆ ಬಂದ ಭಾರತ ಸಂವಿಧಾನದ 14ನೆಯ ಅನುಚ್ಛೇದವು, ಕಾನೂನಿನ ಮುಂದಣ ಸಮಾನತೆಯನ್ನು ರಾಜ್ಯವು ಯಾರಿಗೂ ನಿರಾಕರಿಸಕೂಡದೆಂದು ವಿಧಿಸುವಾಗ ಬಳಸಿರುವುದು 'ಷಲ್' ಪದವನ್ನೇ. ಬಡವನು ನ್ಯಾಯಸ್ಥಾನದ ಬಾಗಿಲಲ್ಲಿ ನಿಂತಾಗ ಈ ಭೇದವು ವ್ಯಾಕರಣದ ಮಾತಾಗಿ ಉಳಿಯದು. ಸಮಾನತೆಯು ಆಳುವವರ ಇಚ್ಛೆಯಲ್ಲ. ಅವರು ತೀರಿಸಲೇಬೇಕಾದ ಋಣ.