ಸೋದೆಯ ಕಾಲುದಾರಿಗಳಲ್ಲಿ

ಉತ್ತರ ಕನ್ನಡ ಜಿಲ್ಲೆಯ ಶಿರಸಿಯಿಂದ ಸುಮಾರು ೨೦ ಕಿಲೋಮೀಟರು ದೂರದಲ್ಲಿ, ಶಾಲ್ಮಲಾ ನದಿಯ ಕಣಿವೆಯಲ್ಲಿ, ಅಡಕೆಯ ತೋಟಗಳಿಗೂ ಅರಣ್ಯಕ್ಕೂ ನಡುವೆ ಹರಡಿಕೊಂಡಿರುವ ಊರು ಸೋಂದಾ. ಸೋದೆ, ಸ್ವಾದಿ, ಸುಧಾಪುರ ಎಂದೂ ಅದನ್ನು ಕರೆಯುವುದುಂಟು. ಹೆಸರುಗಳಿಗೆ ಬರವಿಲ್ಲದ ಈ ಊರಿನಲ್ಲಿ ಬರವಿರುವುದು ಮನೆಗಳಿಗೆ. ತೋಟದ ತಲೆಯಲ್ಲಿ ಇಲ್ಲೊಂದು ಹಂಚಿನ ಮಾಡು, ಅಲ್ಲೊಂದು ಹಂಚಿನ ಮಾಡು. ನಡುವೆ ಗದ್ದೆ, ಬೆಟ್ಟ, ಹಳ್ಳ. ಇಂಥ ಕಡೆ ನಿಂತು “ರಾಜಧಾನಿ ಎಲ್ಲಿ?” ಎಂದು ಕೇಳಿದ ಪ್ರವಾಸಿಗೆ “ನೀವು ಅದರ ನಡುವೆಯೇ ನಿಂತಿದ್ದೀರಿ” ಎಂಬ ಉತ್ತರ ಬಂದರೆ ಅವನು ಅದನ್ನು ವಿನೋದವೆಂದೇ ಭಾವಿಸಿಯಾನು. ಆದರೆ ಆ ಮಾತು ನಿಜ. ೧೬ನೆಯ ಶತಮಾನದ ಮಧ್ಯಭಾಗದಿಂದ ೧೭೬೩ರ ವರೆಗೆ, ಎರಡು ನೂರು ವರ್ಷಗಳಿಗೂ ಮಿಕ್ಕಿ, ಇಲ್ಲಿಂದಲೇ ಸೋದೆಯ ನಾಯಕರು ಘಟ್ಟದ ಮೇಲಿನ ಕಾಡುನಾಡನ್ನೂ ಕೆಳಗಿನ ಕರಾವಳಿಯ ಒಂದು ಪಾಲನ್ನೂ ಆಳಿದರು.

ಇಂದು ಸೋದೆಗೆ ಬರುವ ಯಾತ್ರಿಕರಿಗೇನೂ ಕೊರತೆಯಿಲ್ಲ. ಸ್ವರ್ಣವಲ್ಲಿಯ ಅದ್ವೈತ ಮಠ, ವಾದಿರಾಜರ ಬೃಂದಾವನವಿರುವ ಮಾಧ್ವ ಮಠ, ಸ್ವಾದಿಯ ಜೈನ ಮಠ ಈ ಮೂರೂ ಒಂದೇ ಊರಿನ ಆಸುಪಾಸಿನಲ್ಲಿವೆ. ವಾಹನಗಳು ಬಾಗಿಲಿನ ವರೆಗೂ ಹೋಗುತ್ತವೆ. ಬೆಳಿಗ್ಗೆ ದರ್ಶನ, ಮಧ್ಯಾಹ್ನ ಪಂಕ್ತಿಯ ಊಟ, ಇಳಿಹೊತ್ತಿಗೆ ಸಹಸ್ರಲಿಂಗ, ಕತ್ತಲಾಗುವ ಮುನ್ನ ಶಿರಸಿ. ಭಕ್ತಿಯ ದೃಷ್ಟಿಯಿಂದ ಈ ಯಾತ್ರೆಗೆ ಯಾವ ನ್ಯೂನತೆಯೂ ಇಲ್ಲ. ಆದರೆ ಮೂರು ಮಠಗಳ ನಡುವೆ ಮಲಗಿರುವ ರಾಜಧಾನಿಯು ಮಾತ್ರ ಕಿಟಕಿಯ ಗಾಜಿನಾಚೆ ಬರಿಯ ಗಿಡಗಂಟಿಯಾಗಿ ಹಿಂದೆ ಸರಿದು ಹೋಗುತ್ತದೆ. ಅದನ್ನು ಕಾಣಬೇಕಾದರೆ ಇಳಿದು ನಡೆಯಬೇಕು. ನಡೆಯುವಾಗ ಊರಿನವರೊಬ್ಬರು ಮುಂದಿರಬೇಕು.

ಹಳೆಯ ಪೇಟೆಗಳನ್ನು ಕಾಲ್ನಡಿಗೆಯಲ್ಲಿ ತೋರಿಸುವ ಪದ್ಧತಿ ಈಚೆಗೆ ದೇಶದ ಅನೇಕ ನಗರಗಳಲ್ಲಿ ಬೆಳೆದಿದೆ. ಅಹಮದಾಬಾದಿನಲ್ಲಿ ೧೯೯೭ರ ನವೆಂಬರ್ ೧೯ರಂದು ಆರಂಭವಾದ ನಡಿಗೆಯು ಕಾಲೂಪುರದ ಸ್ವಾಮಿನಾರಾಯಣ ಮಂದಿರದಲ್ಲಿ ಹೊರಟು ಜಾಮಾ ಮಸೀದಿಯಲ್ಲಿ ಮುಗಿಯುತ್ತದೆ. ದಾರಿಯುದ್ದಕ್ಕೂ ‘ಪೋಳ’ಗಳೆಂಬ ಕೇರಿಗಳು. ಹೊಗಲು ಒಂದು ಹೆಬ್ಬಾಗಿಲು, ಒಳಗೆ ಗುಡಿ, ಬಾವಿ, ಹಕ್ಕಿಗಳಿಗೆ ಕಾಳು ಚೆಲ್ಲಲು ನಿಲ್ಲಿಸಿದ ಚಿತ್ರದ ಕಂಬ. ಒಂದು ಇಡೀ ಹಳ್ಳಿಯನ್ನು ಮಡಿಸಿ ನಗರದೊಳಗೆ ಇಟ್ಟಂತೆ ಅವು ಕಾಣುತ್ತವೆ. ೨೦೧೭ರಲ್ಲಿ ಆ ನಗರಕ್ಕೆ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಮನ್ನಣೆ ದೊರೆಯಿತು. ಅಹಮದಾಬಾದಿನಲ್ಲಿ ನಗರದೊಳಗೆ ಹಳ್ಳಿಯಿದ್ದರೆ ಸೋದೆಯಲ್ಲಿ ಹಳ್ಳಿಯೊಳಗೆ ನಗರವಿದೆ. ಅಲ್ಲಿನ ಮಾರ್ಗದರ್ಶಿಯು ಕಣ್ಣೆದುರಿನ ಮನೆಗೆ ಕಥೆ ಹೇಳಿದರೆ ಸಾಕು. ಇಲ್ಲಿನವನು ಮೊದಲು ಮನೆಯನ್ನೇ ತೋರಿಸಿಕೊಡಬೇಕು.

ಇಲ್ಲಿ ದಾರಿ ತೋರಿಸುವವರು ಆ ವೃತ್ತಿಯವರಲ್ಲ. ಸಾಮಾನ್ಯವಾಗಿ ತೋಟದ ಒಡೆಯನೊಬ್ಬ, ಇಲ್ಲವೆ ಇತಿಹಾಸದಲ್ಲಿ ಆಸಕ್ತಿಯುಳ್ಳ ಶಾಲಾಮಾಸ್ತರನೊಬ್ಬ. ಸೊಂಟದಲ್ಲಿ ಕತ್ತಿ, ಬಾಯಲ್ಲಿ ಕವಳ. ಮನೆಗೆ ಹೋದವರನ್ನು ಅವನು ಒಮ್ಮೆಲೇ ಹೊರಡಿಸುವುದಿಲ್ಲ. “ಮೊದಲು ಆಸ್ರಿಗೆ ಕುಡೀರಿ, ಆಮೇಲೆ ಹೋಪನ” ಎಂದು ಜಗಲಿಯಲ್ಲಿ ಕೂಡ್ರಿಸುತ್ತಾನೆ. ಬೆಲ್ಲದ ಪಾನಕವೋ ಮಜ್ಜಿಗೆಯೋ ಮುಗಿದ ಮೇಲೆಯೇ ಪ್ರಯಾಣ. ಅವನ ಮಾತಿನಲ್ಲಿ ಇಸವಿಗಳು ಕಡಿಮೆ, ಅಜ್ಜಂದಿರು ಹೆಚ್ಚು. ಇಸವಿಗಳು ಪುಸ್ತಕದಲ್ಲಿ ಸಿಗುತ್ತವೆ. ಅವನಲ್ಲಿರುವುದು ಪುಸ್ತಕದಲ್ಲಿ ಸಿಗುವುದಿಲ್ಲ.

ಉದಾಹರಣೆಗೆ ಅಗಳಗಳ ವಿಷಯವನ್ನು ತೆಗೆದುಕೊಳ್ಳಬಹುದು. ಮಲೆನಾಡಿನ ರೈತನು ದನಕರುಗಳು ನುಗ್ಗದಂತೆ ತನ್ನ ತೋಟಕ್ಕೂ ಸೊಪ್ಪಿನ ಬೆಟ್ಟಕ್ಕೂ ಸುತ್ತ ಅಗಳ ತೋಡುತ್ತಾನೆ. ತೋಡಿದ ಮಣ್ಣನ್ನು ಒಳಬದಿಗೆ ಏರಿಸಿ ದಂಡೆ ಮಾಡುತ್ತಾನೆ. ನಾಲ್ಕು ಮಳೆಗಾಲ ಕಳೆದರೆ ಅದರ ಮೇಲೆ ಗಿಡ ಬೆಳೆದು, ಹೊಸಬರ ಕಣ್ಣಿಗೆ ಅದು ನೂರಾರು ವರ್ಷಗಳ ಹಿಂದಿನದರಂತೆ ತೋರುತ್ತದೆ. ಅದರ ಪಕ್ಕದಲ್ಲಿಯೇ ನಿಜವಾದ ಕೋಟೆಯ ಕಂದಕವೂ ಮುಚ್ಚಿಹೋಗಿ, ತಗ್ಗಾದ ಹಳ್ಳದಂತೆ ಬಿದ್ದಿರಬಹುದು. ಎರಡನ್ನೂ ಬೇರ್ಪಡಿಸಿ ಹೇಳಬಲ್ಲವನು ಸ್ವತಃ ಅಗಳ ತೋಡಿದವನು ಮಾತ್ರ. “ಇದು ನಮ್ಮ ಅಗಳ, ಅದು ರಾಜರ ಕಂದಕ” ಎಂದು ಅವನು ಕೈ ತೋರಿಸಿದಾಗ, ಕಂದಕದ ಒಳಬದಿಯಲ್ಲಿ ಬೇರುಗಳ ನಡುವೆ ಚಿರೆಕಲ್ಲಿನ ವರಸೆಗಳು ಒಂದೊಂದಾಗಿ ಕಣ್ಣಿಗೆ ಬೀಳತೊಡಗುತ್ತವೆ. ಅಷ್ಟು ಹೊತ್ತು ಕಾಡಾಗಿದ್ದುದು ಗೋಡೆಯಾಗುತ್ತದೆ. ಸೋದೆಯ ನಡಿಗೆಯಲ್ಲಿ ಇದಕ್ಕಿಂತ ಸೊಗಸಾದ ಕ್ಷಣ ಬೇರೊಂದಿಲ್ಲ.

ಗೋಡೆಗಳು ಮೂರು ಸುತ್ತು ಇದ್ದವೆಂದು ಹಳೆಯ ಬರಹಗಳು ಹೇಳುತ್ತವೆ. ೧೮೦೧ರಲ್ಲಿ ಈ ಸೀಮೆಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು, ಒಂದು ಕಾಲಕ್ಕೆ ಇಲ್ಲಿ ಲಕ್ಷ ಮನೆಗಳಿದ್ದವೆಂದು ಜನರ ಬಾಯಿಂದ ಕೇಳಿದನು. ಕಣ್ಣಾರೆ ಕಂಡದ್ದು ಒಂದು ಬಡ ಹಳ್ಳಿಯನ್ನು. ಲಕ್ಷವೆಂಬುದು ಅತಿಶಯೋಕ್ತಿಯೇ ಸರಿ. ಈ ಕಣಿವೆಯ ಗದ್ದೆಗಳು ಅಷ್ಟು ಮನೆಗಳಿಗೆ ಅನ್ನವಿಕ್ಕಲಾರವು. ಆದರೂ ಅಳಿದ ಊರಿನ ದೊಡ್ಡಸ್ತಿಕೆಯನ್ನು ಉಳಿದವರು ಹೇಗೆ ನೆನೆದರೆಂಬುದಕ್ಕೆ ಆ ಸಂಖ್ಯೆಯು ಸಾಕ್ಷಿಯಾಗಿದೆ.

ಆ ದೊಡ್ಡಸ್ತಿಕೆಯ ಬೇರು ಕಾಳುಮೆಣಸಿನಲ್ಲಿತ್ತು. ೧೭ನೆಯ ಶತಮಾನದಲ್ಲಿ ಕಾರವಾರದಲ್ಲಿ ಕೋಠಿ ಹಾಕಿದ್ದ ಇಂಗ್ಲಿಷ್ ವರ್ತಕರೂ ಗೋವೆಯ ಪೋರ್ತುಗೀಜರೂ ಘಟ್ಟದ ಮೇಲಿನ ಈ ಮೆಣಸಿಗೆ ಬಾಯಿಬಿಡುತ್ತಿದ್ದರು. ತೋಟದಲ್ಲಿ ಅಡಕೆಯ ಮರಕ್ಕೆ ಹಬ್ಬಿರುವ ಮೆಣಸಿನ ಬಳ್ಳಿಯನ್ನು ದಾರಿ ತೋರಿಸುವವನು ಕೈಯಲ್ಲಿ ಹಿಡಿದು, “ಕೋಟೆ ಕಟ್ಟಿದ್ದು ಇದೇ” ಎಂದರೆ ಅದರಲ್ಲಿ ತಪ್ಪೇನೂ ಇಲ್ಲ.

ಕೋಟೆಯ ಒಳಭಾಗವು ಶಾಲ್ಮಲೆಯ ಎತ್ತರದ ದಂಡೆಯ ಮೇಲಿದೆ. ೧೮೮೩ರ ಬೊಂಬಾಯಿ ಗೆಝೆಟಿಯರು ಇದನ್ನು ಮರಗಿಡಗಳು ಮುಚ್ಚಿದ ನಿರ್ಜನ ಸ್ಥಳವೆಂದು ವರ್ಣಿಸಿ, ೧೪ರಿಂದ ೧೬ ಅಡಿ ಎತ್ತರದ ಹೆಬ್ಬಾಗಿಲ ಕಂಬಗಳನ್ನೂ, ನಯವಾಗಿ ಕೆತ್ತಿದ ಕಲ್ಲುಗಳಿಂದ ಕಟ್ಟಿದ ಹೊಂಡಬಾವಿಗಳನ್ನೂ ಹೆಸರಿಸಿದೆ. ಅದು ಎಲ್ಲಕ್ಕಿಂತ ಹೆಚ್ಚು ಬೆರಗಿನಿಂದ ನೋಡಿದ್ದು ಒಂದು ಕಲ್ಲುಹಾಸನ್ನು: ೧೨ ಅಡಿ ಚೌಕ, ಕೇವಲ ಆರು ಅಂಗುಲ ದಪ್ಪ, ಎಲ್ಲಿಯೂ ಉಬ್ಬುತಗ್ಗಿಲ್ಲದ ಮೈ, ಕೆಳಗೆ ಕೆತ್ತನೆಯ ಐದು ಗಿಡ್ಡ ಕಂಬಗಳು. ಇದು ದೊರೆಯ ಸಿಂಹಾಸನವೆಂಬ ಪ್ರತೀತಿಯುಂಟು. ಶಿಲಾಮಂಚವೆಂದು ಜನರು ಕರೆಯುವ ಈ ಕಲ್ಲು ಇಂದಿಗೂ ಅಲ್ಲಿದೆ. ಅರಮನೆಯೆಂಬುದು ಅದರ ಸುತ್ತಲಿನ ಕೆಲವು ಅಡಿಗಲ್ಲುಗಳಾಗಿ ಉಳಿದಿದೆ. ಮೇಲೆ ಮಾಡಿಲ್ಲ, ಬದಿಗೆ ಗೋಡೆಯಿಲ್ಲ. ತರಗೆಲೆ ಬಿದ್ದ ನೆಲದ ಮೇಲೆ ಮಂಚವೊಂದು ಬಯಲಲ್ಲಿ ನಿಂತಿದೆ. ಕಾಡಿನೊಳಗೆ ಇನ್ನೂ ಮುಂದೆ ಹೋದರೆ ಮನೆಯಿಲ್ಲದೆ ಬಾವಿಯೊಂದೇ ಎದುರಾಗುವುದುಂಟು. ಅಂಥಲ್ಲಿ ದಾರಿ ತೋರಿಸುವವನು ತಾನು ಮುಂದೆ ನಿಂತು, ಬಂದವರನ್ನು ಕೈಹಿಡಿದು ಬದಿಯಿಂದ ದಾಟಿಸುತ್ತಾನೆ. ಒಬ್ಬರೇ ತಿರುಗಬಾರದೆಂಬ ಮಾತಿಗೆ ಇದೂ ಒಂದು ಕಾರಣ.

ಕಲ್ಲು ಉಳಿಯದ ಕಡೆ ಹೆಸರು ಉಳಿದಿದೆ. ಹಳೆಯೂರು, ಓಣಿಕೇರಿ, ಹುಣಸೆಹೊಂಡ, ಮುತ್ತಿನಕೆರೆ. ಈ ಹೆಸರುಗಳನ್ನು ನಡೆಯುತ್ತ ಕೇಳಿದರೆ ಒಂದು ಪಟ್ಟಣದ ನಕ್ಷೆಯನ್ನು ಯಾರೋ ಗಟ್ಟಿಯಾಗಿ ಓದಿದಂತಾಗುತ್ತದೆ. ಹೊಂಡದ ಬದಿಗೆ ವೆಂಕಟರಮಣನ ಗುಡಿ. ಕೆರೆಯ ಪ್ರಾಂತದಲ್ಲಿ ಜೈನ ಗುರುಗಳ ನಿಷಿಧಿಗಳು. ಸ್ವಾದಿಯ ಜೈನ ಪೀಠದಲ್ಲಿ ಕೂಡುವವರಿಗೆ ಭಟ್ಟಾಕಳಂಕರೆಂಬುದು ಪರಂಪರೆಯ ಹೆಸರು. ೧೬೦೪ರಲ್ಲಿ ಸಂಸ್ಕೃತದಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವೆಂಬ ಕನ್ನಡ ವ್ಯಾಕರಣವನ್ನು ರಚಿಸಿದ ಪಂಡಿತನ ಹೆಸರೂ ಅದೇ.

ಮಠಗಳನ್ನು ಸಹ ನಡೆದು ಸೇರಿದಾಗಲೇ ಅವುಗಳ ನಿಲುವು ಅರ್ಥವಾಗುತ್ತದೆ. ಅರಸಪ್ಪನಾಯಕನ ಕಾಲದಲ್ಲಿ ಮಾಧ್ವ ಯತಿ ವಾದಿರಾಜರೂ ಅದ್ವೈತ ಯತಿಗಳೂ ಇಲ್ಲಿ ನೆಲೆಯನ್ನು ಪಡೆದರು, ಜೈನರಿಗೂ ಆಶ್ರಯವಿತ್ತು, ಮುಂದಿನ ಅರಸರು ವೀರಶೈವರು. ಇಷ್ಟು ಮತಗಳು ಒಂದೇ ಕೋಟೆಯ ನೆರಳಿನಲ್ಲಿ, ಪರಸ್ಪರ ಅರ್ಧದಿನದ ನಡಿಗೆಯೊಳಗೆ ಬಾಳಿದವೆಂಬುದು ಕಾಲಿಗೆ ತಿಳಿಯುವಷ್ಟು ಚೆನ್ನಾಗಿ ಓದಿಗೆ ತಿಳಿಯದು. ವಾದಿರಾಜರು ಸ್ವತಃ ದೊಡ್ಡ ಸಂಚಾರಿಗಳು. ದೇಶದ ನಾಲ್ಕು ದಿಕ್ಕಿನ ಕ್ಷೇತ್ರಗಳನ್ನು ವರ್ಣಿಸುವ ಅವರ ‘ತೀರ್ಥಪ್ರಬಂಧ’ವು ಪ್ರವಾಸಕಾವ್ಯವೇ ಆಗಿದೆ. ಉಡುಪಿಯ ಪರ್ಯಾಯದ ಅವಧಿಯನ್ನು ಎರಡು ತಿಂಗಳಿನಿಂದ ಎರಡು ವರ್ಷಕ್ಕೆ ಏರಿಸಿದವರೂ ಅವರೇ. ಅವರ ಬೃಂದಾವನ, ಅದರ ಬಳಿಯ ಧವಳಗಂಗೆ, ಎದುರಿನ ತ್ರಿವಿಕ್ರಮ ದೇವಾಲಯ ಇವನ್ನು ನೋಡಲು ದೂರದೂರದ ಜನ ಬರುತ್ತಾರೆ.

ಶಾಲ್ಮಲೆಯ ತೀರದ ಸ್ವರ್ಣವಲ್ಲಿಯಲ್ಲಿ ಇತಿಹಾಸಕ್ಕಿಂತ ವರ್ತಮಾನದ ಚಟುವಟಿಕೆ ಹೆಚ್ಚು. ಹವ್ಯಕ ರೈತರು ಹೆಚ್ಚಾಗಿ ನಡೆದುಕೊಳ್ಳುವ ಈ ಮಠದಲ್ಲಿ ನರಸಿಂಹ ಜಯಂತಿಯ ಸಂದರ್ಭಕ್ಕೆ ಕೃಷಿ ಜಯಂತಿಯನ್ನು ಜೋಡಿಸಲಾಗಿದೆ. ದೇವರ ಉತ್ಸವದ ಬದಿಯಲ್ಲಿಯೇ ಬೆಳೆಯ ಮಾತು, ಸಸಿಯ ಮಾತು, ರೋಗದ ಮಾತು. ಬೇಡ್ತಿ ಕಣಿವೆಯ ಕಾಡನ್ನು ಉಳಿಸುವ ಹೋರಾಟದಲ್ಲಿ ಈ ಮಠವು ಮುಂದೆ ನಿಂತದ್ದನ್ನು ನಾಡು ಬಲ್ಲದು. ಕಾಡು ಉಳಿಸುವುದಕ್ಕೂ ಕೋಟೆ ಉಳಿಸುವುದಕ್ಕೂ ಇಲ್ಲಿ ಅಂತರ ಬಹಳವಿಲ್ಲ. ಎರಡೂ ಒಂದೇ ನೆಲದ ಮೇಲಿವೆ. ಬೇರುಗಳು ಗೋಡೆಯನ್ನು ಸೀಳುತ್ತವೆಂಬುದು ನಿಜವಾದರೂ, ಈ ಗೋಡೆಯ ಕಲ್ಲುಗಳು ಹೊಸ ಕಟ್ಟಡಗಳಿಗೆ ಸಾಗಿಹೋಗದಂತೆ ಇಷ್ಟು ಕಾಲ ಮರೆಮಾಡಿದ್ದೂ ಅದೇ ಕಾಡು.

ಸೋಂದಾದ ಬಾಡಲಕೊಪ್ಪದ ಬಳಿ ಮುಂಡಿಗೆಕೆರೆ ಎಂಬ ಪುಟ್ಟ ಕೆರೆಯಿದೆ. ಮಳೆಗಾಲ ಹಿಡಿಯುತ್ತಲೇ ಬೆಳ್ಳಕ್ಕಿಗಳು ಬಂದು ಕೆರೆಯೊಳಗಿನ ಮುಂಡಿಗೆಯ ಪೊದೆಗಳ ಮೇಲೆ ಗೂಡು ಕಟ್ಟುತ್ತವೆ. ಮರಿಗಳನ್ನು ಬೆಳೆಸಿಕೊಂಡು ಮಳೆ ಮುಗಿದ ಮೇಲೆ ಹೊರಟುಹೋಗುತ್ತವೆ. ಈ ಹಕ್ಕಿಗಳನ್ನು ಊರಿನವರೇ ಕಾಯುತ್ತ ಬಂದಿದ್ದಾರೆ. ನೋಡಬಂದವರನ್ನು ಎಲ್ಲಿ ನಿಲ್ಲಿಸಬೇಕು, ಎಷ್ಟು ಹೊತ್ತು ನಿಲ್ಲಿಸಬೇಕು ಎಂಬುದನ್ನು ಅವರು ಬಲ್ಲರು. ಒಂದು ಕೆರೆಗೆ ಸಾಧ್ಯವಾದ ಈ ಕಾವಲು ಒಂದು ಕೋಟೆಗೂ ಸಾಧ್ಯವಾಗಬೇಕಾದುದು ನ್ಯಾಯ.

ಅದಕ್ಕೆ ಅಡ್ಡಿಯಾಗಿರುವುದು ಹಣದ ಕೊರತೆಯಷ್ಟೇ ಅಲ್ಲ. ದಾರಿ ತೋರಿಸುವವನ ವಯಸ್ಸೂ ಒಂದು ಅಡ್ಡಿ. ಸೋದೆಯ ಸುತ್ತಲಿನ ಅನೇಕ ಮನೆಗಳಲ್ಲಿ ಮಕ್ಕಳು ಓದಿ ಬೆಂಗಳೂರು ಸೇರಿದ್ದಾರೆ. ತೋಟವನ್ನು ನೋಡಿಕೊಂಡು ಮುದುಕರಿಬ್ಬರು ಉಳಿದಿರುತ್ತಾರೆ. ಯಾವ ದಿಬ್ಬವು ಬುರುಜಾಗಿತ್ತು, ಯಾವ ತಗ್ಗು ಬಾಗಿಲಾಗಿತ್ತು ಎಂಬ ತಿಳಿವಳಿಕೆಯು ತಂದೆಯ ಹಿಂದೆ ಬೆಟ್ಟಕ್ಕೆ ಸೊಪ್ಪಿಗೆ ಹೋದ ಮಾಣಿಗೆ ತಾನಾಗಿ ಬರುತ್ತಿತ್ತು. ರಜೆಗೆ ಬಂದು ಮೂರು ದಿನ ಇದ್ದು ಹೋಗುವವನಿಗೆ ಅದು ಬರುವಂತಿಲ್ಲ. ಫಲಕಗಳನ್ನು ನಿಲ್ಲಿಸಬಹುದು, ನಿಲ್ಲಿಸಲೂ ಬೇಕು. ಆದರೆ ಯಾವ ಫಲಕವೂ ಅಗಳವನ್ನೂ ಕಂದಕವನ್ನೂ ಬೇರ್ಪಡಿಸಿ ಹೇಳುತ್ತ ಮುಂದೆ ನಡೆಯಲಾರದು. ಊರಿನ ನಾಲ್ಕಾರು ತರುಣರು ರಜೆಯ ದಿನಗಳಲ್ಲಿ ಹಿರಿಯರೊಬ್ಬರ ಬೆನ್ನುಹಿಡಿದು ಇಡೀ ಕೋಟೆಯನ್ನು ತಿರುಗಿ, ಹೆಸರುಗಳನ್ನು ಬರೆದುಕೊಂಡು, ಬಂದವರಿಗೆ ತಾವೇ ತೋರಿಸತೊಡಗಿದರೆ ಅವರಿಗೂ ನಾಲ್ಕು ಕಾಸು, ಊರಿಗೂ ಉಪಕಾರ.

ಇನ್ನು ಕೊನೆಯ ದೊರೆಯ ಸಂಗತಿ. ೧೭೬೩ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯ ಸೈನ್ಯವು ಸೋದೆಯ ಮೇಲೆ ಬಿದ್ದಾಗ ಇಮ್ಮಡಿ ಸದಾಶಿವನು ಪರಿವಾರದೊಂದಿಗೆ ಘಟ್ಟವಿಳಿದು ಗೋವೆಯ ಪೋರ್ತುಗೀಜರ ಆಶ್ರಯಕ್ಕೆ ಹೋದನು. ಫೋಂಡಾ, ಕಾಣಕೋಣ ಮೊದಲಾದ ಸೋದೆಯ ಸೀಮೆಗಳು ಗೋವೆಗೆ ಸೇರಿದವು. ಫೋಂಡಾದ ಬಳಿಯ ಬಾಂದಿವಡೆಯಲ್ಲಿ ವಂಶದವರು ನೆಲೆನಿಂತರು; ‘ಸೌಂದೇಕರ’ರೆಂಬ ಹೆಸರು ಅಲ್ಲಿ ಇಂದಿಗೂ ಕೇಳಿಬರುತ್ತದೆ. ದೊರೆಯು ಹೋದನು, ಮಠಗಳು ಉಳಿದವು. ಅರಮನೆಗೆ ಮನೆತನ ಬೇಕು. ಮಠಕ್ಕೆ ಶಿಷ್ಯರಿದ್ದರೆ ಸಾಕು.

ಸೋದೆಗೆ ಹೋಗುವವರು ಕಾರ್ತಿಕದಿಂದ ಮಾಘದ ವರೆಗಿನ ದಿನಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು. ಮಳೆಗಾಲದಲ್ಲಿ ಕೋಟೆಯ ದಾರಿಯೆಲ್ಲ ಉಂಬಳಗಳದ್ದೇ ರಾಜ್ಯ. ಹೊಂಡಗಳ ಕಲ್ಲು ಜಾರುತ್ತದೆ. ಚಳಿಗಾಲದ ಬೆಳಿಗ್ಗೆ ಅಡಕೆ ಸುಲಿಯುವ ಅಂಗಳಗಳನ್ನು ಹಾದು, ಕೋಟೆಯನ್ನು ಸುತ್ತಿ, ಮಧ್ಯಾಹ್ನದ ಊಟಕ್ಕೆ ಮಠವೊಂದನ್ನು ಸೇರಬಹುದು. ಸಹಸ್ರಲಿಂಗವನ್ನು ಮಾತ್ರ ಬೇರೊಂದು ದಿನಕ್ಕೆ ಇಟ್ಟುಕೊಳ್ಳಬೇಕು. ಶಾಲ್ಮಲೆಯ ಪಾತ್ರದಲ್ಲಿರುವ ಬಂಡೆಬಂಡೆಯ ಮೇಲೆಯೂ ಲಿಂಗ, ಲಿಂಗದೆದುರು ನಂದಿ. ಕವಿಯೂ ಆಗಿದ್ದ ಅರಸು ಸದಾಶಿವರಾಯನು ಇವನ್ನು ಕೆತ್ತಿಸಿದನೆಂದು ಪ್ರತೀತಿ. ಹೊಳೆ ತುಂಬಿದಾಗ ಎಲ್ಲವೂ ನೀರಿನ ಕೆಳಗೆ. ನೀರಿಳಿದ ಮೇಲೆ ಒಂದೊಂದೇ ಮೈದೋರಿ, ಶಿವರಾತ್ರಿಯ ಹೊತ್ತಿಗೆ ಹೊಳೆಯ ನಡುವೆ ಕಲ್ಲಿನಿಂದ ಕಲ್ಲಿಗೆ ದಾಟಿ ಹೋಗಬಹುದು. ಅಂದು ಸುತ್ತಲಿನ ಹಳ್ಳಿಗಳ ಸಂಸಾರಗಳು ಬಿಲ್ವಪತ್ರೆ, ಚಂಬು ಹಿಡಿದು ಬಂದು, ತಮಗೆ ಸಿಕ್ಕಿದ ಲಿಂಗಕ್ಕೆ ತಾವೇ ಹೊಳೆಯ ನೀರನ್ನು ಎರೆಯುತ್ತಾರೆ.