ಉತ್ತರದ ಮುಖ

41ರಲ್ಲಿ 2 ಕಳೆದರೆ 39. ಅದನ್ನು 13ರಿಂದ ಭಾಗಿಸಿದರೆ 3, ಶೇಷ 0. 2019ರ ಅಕ್ಟೋಬರಿನ ಒಂದು ರಾತ್ರಿ ಪೆನ್ಸಿಲ್ ಹಿಡಿದು ಈ ಲೆಕ್ಕ ಬರೆದುಕೊಂಡ ಹಾಳೆ ಇವತ್ತಿಗೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಐದನೇ ಕ್ಲಾಸಿನ ಮಗುವೂ ಮಾಡಬಲ್ಲ ಲೆಕ್ಕ. ಲಿನಕ್ಸ್ ಕರ್ನಲ್ಲಿನ ಒಂದು ಭದ್ರತಾ ದೋಷ ವರ್ಷಗಟ್ಟಲೆ ಅಡಗಿ ಕೂತಿದ್ದದ್ದು ಇದರಲ್ಲೇ.

ಡ್ರೈವರ್ ಕೋಡ್ ಓದುವುದು, ತೂತು ಕಂಡಲ್ಲಿ ತೇಪೆ ಹಾಕುವುದು ನನ್ನ ಕೆಲಸ. ಸಂಬಳವಿಲ್ಲದಿದ್ದರೂ ಬಿಡುವಿನಲ್ಲಿ ಇದನ್ನೇ ಮಾಡುತ್ತಿದ್ದೆನೇನೋ, ಅಷ್ಟು ಇಷ್ಟ. ಡ್ರೈವರ್ ಎಂದರೆ ಮನೆಯ ಹೊಸ್ತಿಲಲ್ಲಿ ಕೂತ ಹಿರಿಯಾಕೆಯಿದ್ದಂತೆ. ಗಾಳಿಯಲ್ಲಿ ತೇಲಿ ಬಂದ ಗುರುತಿಲ್ಲದ ಬೈಟುಗಳನ್ನು ಎದುರುಗೊಳ್ಳುವವಳು ಅವಳು. ಹಾಗೆ ಎದುರುಗೊಳ್ಳುವಾಗಲೂ ಇಡೀ ಮನೆಯ ಬೀಗದ ಕೈಗೊಂಚಲು ಅವಳ ಸೊಂಟದಲ್ಲೇ ಇರುತ್ತದೆ. ಅದಕ್ಕೇ ಅವಳು ಒಂದು ಕ್ಷಣ ಮೈಮರೆತರೂ ಕಷ್ಟ.

ಆ ಸಲದ ದೋಷ ಇದ್ದದ್ದು ರಿಯಲ್‌ಟೆಕ್ ವೈಫೈ ಚಿಪ್ಪುಗಳ ಡ್ರೈವರಿನಲ್ಲಿ. ನಿಕೋ ವೈಸ್‌ಮನ್ ಎಂಬ ಭದ್ರತಾ ಸಂಶೋಧಕರು ಹುಡುಕಿಕೊಟ್ಟರು; ಸಿವಿಇ-2019-17666 ಎಂಬ ಸಂಖ್ಯೆ ಬಿತ್ತು. ಸುದ್ದಿ ಬಂದ ದಿನ ಕಚೇರಿಯಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: ನಮಗೆ ಅಪಾಯ ಇದೆಯಾ? ಯಾವ ಯಂತ್ರದಲ್ಲಿ ಯಾವ ಚಿಪ್ಪಿದೆ, ಯಾವ ಕರ್ನಲ್ ಓಡುತ್ತಿದೆ, ಈ ಡ್ರೈವರ್ ಲೋಡ್ ಆಗಿದೆಯೇ ಎಂದು ಪಟ್ಟಿ ಮಾಡುವುದರಲ್ಲೇ ಹಗಲು ಕಳೆಯಿತು. ರಾತ್ರಿ ಮನೆಮಂದಿಯೆಲ್ಲ ಮಲಗಿದ ಮೇಲೆ ಕಡತ ತೆರೆದು ಓದಲು ಕೂತೆ. ದಿನವಿಡೀ ನಾನು ಕಾಯುತ್ತಿದ್ದದ್ದು ಆ ಹೊತ್ತಿಗೇ.

ದೋಷ ಇದ್ದದ್ದು ವೈಫೈ ಡೈರೆಕ್ಟ್ ನೋಡಿಕೊಳ್ಳುವ ಭಾಗದಲ್ಲಿ. ನಡುವೆ ರೂಟರ್ ಇಲ್ಲದೆ ಎರಡು ಸಾಧನಗಳು ನೇರವಾಗಿ ಮಾತಾಡುವ ಪದ್ಧತಿ ಅದು. ಅಲ್ಲಿ ಯಜಮಾನಿಕೆ ವಹಿಸಿದ ಸಾಧನ ಬ್ಯಾಟರಿ ಉಳಿಸಲು ಆಗಾಗ ಕಣ್ಣು ಮುಚ್ಚುತ್ತದೆ. ಹಾಗೆ ಮುಚ್ಚುವ ಮುಂಚೆ ಜೊತೆಗಾರರಿಗೆ ಗೈರುಹಾಜರಿಯ ಸೂಚನೆ ಕಳಿಸುತ್ತದೆ. ನಾವು ಶಾಲೆಗೆ ಕೊಡುತ್ತಿದ್ದ ರಜಾ ಚೀಟಿಯೇ ಅದು: ಎಷ್ಟು ಸಲ, ಸಲಕ್ಕೆ ಎಷ್ಟು ಹೊತ್ತು, ನಡುವೆ ಎಷ್ಟು ಅಂತರ, ಯಾವಾಗಿನಿಂದ. ಮೊದಲನೆಯದಕ್ಕೆ 1 ಬೈಟ್, ಉಳಿದ ಮೂರಕ್ಕೆ ತಲಾ 4, ಕೂಡಿದರೆ 13. ಚೀಟಿಗಳ ಮುಂದೆ 2 ಬೈಟಿನ ತಲೆಬರಹ. ಕಣ್ಣಿಗೆ ಕಾಣದ ರೇಡಿಯೊ ಅಲೆಯ ಮೇಲೆ ಇಷ್ಟು ಅಚ್ಚುಕಟ್ಟಾದ ಚೀಟಿ ಹಾರಿ ಬರುತ್ತದಲ್ಲ ಎಂದು ನನಗೆ ಪ್ರತಿ ಸಲವೂ ಅಚ್ಚರಿ.

ಸಾಲಿನಿಂದ ಸಾಲಿಗೆ ಇಳಿದೆ. ಡ್ರೈವರ್ ಸೂಚನೆಯ ಉದ್ದ ಓದಿಕೊಳ್ಳುತ್ತದೆ, 2 ಕಳೆಯುತ್ತದೆ, 13ರಿಂದ ಭಾಗಿಸುತ್ತದೆ. ಶೇಷ ಉಳಿದರೆ ಉದ್ದ ಸರಿಯಿಲ್ಲವೆಂದು ಹೇಳಿ ಅಲ್ಲಿಗೇ ಕೈಬಿಡುತ್ತದೆ. ಬರೆದವರು ಎಚ್ಚರದಿಂದಲೇ ಬರೆದಿದ್ದರು. ಆದರೆ ಅವರ ಕಣ್ಣು ಶೇಷದ ಮೇಲೆ ನೆಟ್ಟಿತ್ತು. ಭಾಗಲಬ್ಧ ಎಷ್ಟು ಬಂತೆಂದು ಯಾರೂ ನೋಡಿರಲಿಲ್ಲ. ಒಳಗೆ ಜಾಗ ಇದ್ದದ್ದು ಎರಡೇ ಚೀಟಿಗೆ. 41 ಬೈಟಿನ ಸೂಚನೆ ಬಂದರೆ ಶೇಷ 0, ಚೀಟಿ 3. ಮೂರನೆಯದು ಪಕ್ಕದ ಮೆಮೊರಿಯ ಮೇಲೆ ಬರೆದುಕೊಂಡು ಹೋಗುತ್ತದೆ. ಕಳಿಸುವವನಿಗೆ ನಮ್ಮ ಪಾಸ್‌ವರ್ಡ್ ಬೇಕಿಲ್ಲ, ನಾವು ಏನನ್ನೂ ಒತ್ತಬೇಕಿಲ್ಲ. ರೇಡಿಯೊ ಮುಟ್ಟುವಷ್ಟು ಹತ್ತಿರದಲ್ಲಿದ್ದರೆ ಸಾಕು.

ಆಗ ನೆನಪಾದವರು ನಮ್ಮ ಲೆಕ್ಕದ ಮೇಷ್ಟ್ರು. ಒಮ್ಮೆ ಇಪ್ಪತ್ತು ಮಕ್ಕಳಿಗೆ ಎಂಬತ್ತು ಲಾಡು ಹಂಚುವ ಲೆಕ್ಕ ಕೊಟ್ಟಿದ್ದರು. ನಾನು ಎಂಬತ್ತಕ್ಕೆ ಸೊನ್ನೆಯೊಂದನ್ನು ಹೆಚ್ಚಿಗೆ ಹಾಕಿಕೊಂಡು, ತಲಾ ನಲವತ್ತು, ಶೇಷ ಸೊನ್ನೆ ಎಂದು ಸ್ಲೇಟು ತೋರಿಸಿದೆ. ಅವರು ಬೈಯಲಿಲ್ಲ. "ಭಾಗಾಕಾರ ತಪ್ಪಿಲ್ಲ ಮಗಾ. ಆದರೆ ಒಂದು ಕೂಸು ನಲವತ್ತು ಲಾಡು ತಿಂದೀತಾ? ಉತ್ತರ ಬಂದ ಮೇಲೆ ಅದರ ಮುಖ ಒಂದ್ಸಲ ನೋಡು" ಅಂದರು. ಕಡತದಲ್ಲಿ ಇರಬೇಕಾಗಿದ್ದೂ ಇಲ್ಲದೇ ಹೋಗಿದ್ದ ಸಾಲು ಅದೇ.

ಲಾರಾ ಅಬಾಟ್ ಬರೆದ ತೇಪೆ ಆ ಸಾಲನ್ನು ತಂದುಕೊಟ್ಟಿತು: ಚೀಟಿ ಎರಡಕ್ಕಿಂತ ಹೆಚ್ಚಿದ್ದರೆ ಎರಡೇ ಎಂದು ಹಿಡಿ. ಇಡೀ ಸೂಚನೆಯನ್ನು ಅದು ಎಸೆಯುವುದಿಲ್ಲ. ಜಾಗವಿರುವಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತದೆ. ಇದೇ ಲೆಕ್ಕ ಇನ್ನೊಂದು ಬಗೆಯ ಸಂದೇಶ ಓದುವ ಫಂಕ್ಷನ್ನಿನಲ್ಲೂ ಇತ್ತು. ಅಲ್ಲೂ ಅದೇ ತೇಪೆ ಬಿತ್ತು. ಒಂದು ಕಡೆ ಗೆದ್ದಲು ಕಂಡವರು ಪಕ್ಕದ ತೊಲೆಯನ್ನೂ ತಟ್ಟಿ ನೋಡುತ್ತಾರಲ್ಲ, ಹಾಗೆ. ಕರ್ನಲ್ಲಿನ ಸ್ಥಿರ ಆವೃತ್ತಿಗಳಿಗೆ ಹೋಗುವ ತೇಪೆ ಸುತ್ತಲಿನ ಸಾಲುಗಳೂ ಸೇರಿ 100 ಸಾಲು ಮೀರಬಾರದೆಂಬ ನಿಯಮವಿದೆ. ಚಿಕ್ಕದಾದ ತೇಪೆಯನ್ನು ಇಡಿಯಾಗಿ ಓದಿ, ಇಡಿಯಾಗಿ ನಂಬಬಹುದು. ಇದರಲ್ಲಿ ಹೊಸ ಸಾಲುಗಳು ಬೆರಳೆಣಿಕೆಯಷ್ಟೇ.

ನನ್ನ ಪಾಲಿಗಿದ್ದದ್ದು ಅದನ್ನು ನಮ್ಮ ಹಳೆಯ ಕರ್ನಲ್ಲಿಗೆ ಹೊಂದಿಸುವ ಕೆಲಸ. ಅಲ್ಲಿ ಆ ಕಡತ ಬೇರೆ ಫೋಲ್ಡರಿನಲ್ಲಿದ್ದುದರಿಂದ ತೇಪೆ ತಾನಾಗಿ ಕೂರಲಿಲ್ಲ. ಜಾಗ ಹುಡುಕಿ, ಹಿಂದುಮುಂದಿನ ಸಾಲುಗಳನ್ನು ತಾಳೆ ನೋಡಿ, ಕೈಯಾರೆ ಕೂರಿಸಿದೆ. ಹುಡುಕಿದವರ ಹೆಸರು, ಬರೆದವರ ಹೆಸರು ಹಾಗೇ ಉಳಿಸಿ ಕೆಳಗೆ ನನ್ನ ಸಹಿ ಹಾಕಿದೆ. ಎಲ್ಲೋ ಇರುವ, ಎಂದೂ ಮುಖ ನೋಡದ ಇಬ್ಬರ ಪಕ್ಕದಲ್ಲಿ ಕೂತು ಒಂದೇ ಬಟ್ಟೆ ಹೊಲಿದಂತೆ ಅನ್ನಿಸಿತು.

ಕೊನೆಗೆ ಪರೀಕ್ಷೆಯ ಯಂತ್ರಕ್ಕೆ ನಾನೇ 41 ಬೈಟಿನ ಸೂಚನೆ ಕಟ್ಟಿ ಕೊಟ್ಟೆ. ಹಳೆಯ ಡ್ರೈವರ್ ಚೀಟಿಗಳನ್ನು ಎಣಿಸಿ ಲಾಗಿನಲ್ಲಿ 3 ಎಂದು ತೋರಿಸಿತು. ಹೊಸದನ್ನು ಲೋಡ್ ಮಾಡಿ ಅದೇ ಸೂಚನೆ ಕೊಟ್ಟೆ. 2 ಎಂದು ಬಂತು. ಆ ಎರಡನ್ನು ಬಹಳ ಹೊತ್ತು ನೋಡುತ್ತ ಕೂತೆ. ಆಮೇಲೆ ಪೆನ್ಸಿಲ್ ಎತ್ತಿಕೊಂಡು ಹಾಳೆಯ ಮೇಲಿನ 3ನ್ನು ಹೊಡೆದುಹಾಕಿ, ಪಕ್ಕದಲ್ಲಿ ದುಂಡಗೆ 2 ಎಂದು ಬರೆದೆ, ಮೇಷ್ಟ್ರಿಗೆ ತೋರಿಸುವ ಹಾಗೆ.